ಎಡಚ ಅಂತ ನಕ್ಕೆವು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವಿಡಿಯೋ ಮೂರು ಸಲ ನೋಡಿದೆ. ಪಾಪು ನಗುವುದು ಥೇಟ್ ನಿನ್ನ ಹಾಗೆ. ಐದು ತಿಂಗಳಾದರೂ ಕತ್ತು ಸರಿಯಾಗಿ ನಿಂತಿಲ್ಲ ಅಂತ ಬರೆದಿದ್ದೀಯ. ಮೊದಲು ಲೆಕ್ಕ ಸರಿಮಾಡಿಕೊ. ಹುಟ್ಟಿದ್ದು 32 ವಾರಕ್ಕೆ ಅಲ್ವಾ? ತುಂಬು ನಲವತ್ತಕ್ಕೆ ಎಂಟು ವಾರ ಕಡಿಮೆ, ಅದನ್ನು ಕಳೆ. ಈಗ ಅದು ಮೂರು ತಿಂಗಳ ಮಗು. ಕತ್ತಿಗೆ ಇನ್ನೂ ಸ್ವಲ್ಪ ಸಮಯ ಕೊಡಬಹುದು.

ಹಾಗಂತ ಸುಮ್ನೆ ಕೂರಬೇಡ. ನಿನ್ನ ಅಣ್ಣನ ವಿಷಯ ನಿನಗೆ ಪೂರ್ತಿ ಗೊತ್ತಿಲ್ಲ. ಆರು ತಿಂಗಳಲ್ಲಿ ಗಿಲಕಿಯನ್ನು ಬಲಗಡೆ ಹಿಡಿದರೂ ಅವನ ಎಡಗೈಯೇ ಅಡ್ಡ ಚಾಚಿ ಬರುತ್ತಿತ್ತು. ಬಲಗೈ ಯಾವಾಗಲೂ ಮುಷ್ಟಿ, ಹೆಬ್ಬೆರಳು ಒಳಗೆ. ಸ್ನಾನ ಮಾಡಿಸುವಾಗ ಆ ಮುಷ್ಟಿ ಬಿಡಿಸಿ ನೂಲು, ಕೊಳೆ ತೆಗೆಯುತ್ತಿದ್ದೆ. ತಾತನ ಹಾಗೇ ಎಡಚ ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ತೋರಿಸಿದ ಡಾಕ್ಟರು ‘ವರ್ಷ ತುಂಬಲಿ, ನೋಡೋಣ’ ಅಂದರು. ವರ್ಷದೊಳಗಿನ ಮಗು ಒಂದೇ ಕೈ ಬಳಸಿದರೆ ಇನ್ನೊಂದು ಕೈಯನ್ನು ನೋಡಬೇಕು ಅಂತ ನನಗೆ ತಿಳಿದದ್ದು ಅವನಿಗೆ ಒಂದೂವರೆ ವರ್ಷವಾದಾಗ, ಸೆರೆಬ್ರಲ್ ಪಾಲ್ಸಿ ಎಂಬ ಹೆಸರು ಕೇಳಿದ ದಿನ. ಎಳೆಯ ಮಿದುಳಿಗೆ ಪೆಟ್ಟಾಗಿ ಮೈಕೈ ಚಲನೆ ಕೆಡುವ ತೊಂದರೆ ಅದು.

ಡೈಪರ್ ಬದಲಿಸುವಾಗ ತೊಡೆ ಅಗಲಿಸಲು ಬಿಗಿ ಅನಿಸುತ್ತದಾ? ಎತ್ತಿಕೊಂಡಾಗ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಹೋಗುತ್ತದಾ? ಇಲ್ಲಾ ಮೈಯೆಲ್ಲ ಬಟ್ಟೆ ಗೊಂಬೆಯ ಹಾಗೆ ಜೋತು ಬೀಳುತ್ತದಾ? ಹಾಲು ಕುಡಿಯಲು ದಿನಾ ಒದ್ದಾಟವಾ? ಒಂದು ಕಂಡ ಮಾತ್ರಕ್ಕೆ ಅದೇ ಅಂತಲ್ಲ. ತೋರಿಸಬೇಕು, ಅಷ್ಟೇ.

ಇನ್ನೊಂದು ಕೆಲಸ ಈ ವಾರವೇ ಮಾಡು. ಪಾಪು ಹೊಟ್ಟೆ ತುಂಬಿ ಖುಷಿಯಾಗಿದ್ದಾಗ ಅಂಗಾತ ಮಲಗಿಸಿ, ಆಟಿಕೆ ಕೊಡದೆ, ಮಾತಾಡಿಸದೆ ಮೂರು ನಿಮಿಷ ವಿಡಿಯೋ ಮಾಡು. ಈ ವಯಸ್ಸಲ್ಲಿ ಕತ್ತು, ಮಣಿಕಟ್ಟು, ಪಾದ ಎಲ್ಲಾ ಕಡೆ ಸಣ್ಣ ಸಣ್ಣ ಚಲನೆ ನಡೆಯುತ್ತಲೇ ಇರಬೇಕು. ಅದು ಇದೆಯೋ ಇಲ್ಲವೋ ಅಂತ ತರಬೇತಿ ಆದವರು ವಿಡಿಯೋ ನೋಡಿಯೇ ಗುರುತಿಸುತ್ತಾರೆ. ಎಂಟು ವಾರ ಕಳೆದ ಲೆಕ್ಕದಲ್ಲಿ ಐದು ತಿಂಗಳು ದಾಟಿದರೆ ಆ ಪರೀಕ್ಷೆಯ ಹೊತ್ತು ಮೀರುತ್ತದೆ. ನಿನ್ನ ಮಗುವಿಗೆ ಇನ್ನೂ ಹೊತ್ತಿದೆ.

ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಕೇಂದ್ರ, ಎಲ್ಲಿ ಅಂತ ಕೇಳು. ಹುಟ್ಟಿದಾಗಿನ ಡಿಸ್ಚಾರ್ಜ್ ಕಾಗದ ಮರೆಯಬೇಡ, ಕಾಮಾಲೆ ಎಷ್ಟಿತ್ತು ಅಂತ ಅದರಲ್ಲಿರುತ್ತದೆ. ನಿಮ್ಮತ್ತೆ ಎಣ್ಣೆ ತಿಕ್ಕಿದರೆ ಸರಿಹೋಗುತ್ತದೆ ಅಂದರೆ ಜಗಳ ಬೇಡ, ತಿಕ್ಕಲಿ. ಬಿಗಿಯಾದ ಕಾಲು ಜಗ್ಗದಂತೆ ನೋಡಿಕೊ.

ಹೋಗುವ ದಿನ ಹೇಳು, ನಾನೂ ಜೊತೆಗೆ ಬರುತ್ತೇನೆ.

ನಿನ್ನ ದೊಡ್ಡಮ್ಮ