ಕುದುರೆ ಬೆನ್ನ ಮೇಲಿನ ಟಾಯ್ಲೆಟ್

ಮಾನ್ಯರೆ,

ರೈತರ ಮಕ್ಕಳು ಎಂದು ಹೇಳಿಕೊಂಡು ಚುನಾವಣೆಗೆ ನಿಲ್ಲುವವರ ಬಗ್ಗೆ ನಿಮ್ಮಲ್ಲಿ ಬಂದ ಪತ್ರಗಳನ್ನು ಓದಿದೆ. ಹೆಗಲ ಮೇಲಿನ ಹಸಿರು ಶಾಲು ಬರೀ ವೇಷ ಎಂದು ಒಬ್ಬರು ಬರೆದಿದ್ದರು. ನನಗೆ ಅಮೆರಿಕದ ವಯೋಮಿಂಗ್ ರಾಜ್ಯದ ಸೆನೆಟರ್ ಆಗಿದ್ದ ಮ್ಯಾಲ್ಕಮ್ ವಾಲಪ್ ನೆನಪಾದರು. ಅವರದೂ ಅರ್ಧ ವೇಷವೇ.

ವಾಲಪ್ ಬಿಗ್ ಹಾರ್ನ್ ಎಂಬ ಊರಿನ ಹತ್ತಿರ ದನ ಸಾಕುತ್ತಿದ್ದರು. ಅಲ್ಲಿ ಇಂಥ ದೊಡ್ಡ ಹುಲ್ಲುಗಾವಲಿನ ಜಮೀನಿಗೆ ರಾಂಚ್ ಅನ್ನುತ್ತಾರೆ. ಆದರೆ ಅವರು ಹುಟ್ಟಿದ್ದು 1933ರಲ್ಲಿ ನ್ಯೂಯಾರ್ಕಿನಲ್ಲಿ, ಓದಿದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ. ಅಜ್ಜ ಆಲಿವರ್ ಇಂಗ್ಲೆಂಡಿನಿಂದ ಬಂದು ಕುದುರೆ ಸಾಕಿದವರು. ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸಾವಿರಾರು ಕುದುರೆ ಮಾರಿದರು. ವಯೋಮಿಂಗ್ ಶಾಸನಸಭೆಯಲ್ಲೂ ಕೂತಿದ್ದರು. 1925ರಲ್ಲಿ ಅಣ್ಣ ತೀರಿಕೊಂಡು, ಮನೆತನದ ಅರ್ಲ್ ಎಂಬ ಬ್ರಿಟಿಷ್ ಶ್ರೀಮಂತ ಪದವಿ ಈ ಅಜ್ಜನಿಗೆ ಬಂತು. ಅಲ್ಲಿಂದ ಸೀದಾ ಬ್ರಿಟನ್ನಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ಗೆ! ಮ್ಯಾಲ್ಕಮ್ ಅವರ ತಂಗಿ ಮದುವೆಯಾದದ್ದು ಎಲಿಜಬೆತ್ ರಾಣಿಯ ರೇಸ್ ಕುದುರೆಗಳ ಮ್ಯಾನೇಜರನ್ನು. ಆ ನಂಟಿನಿಂದ 1984ರಲ್ಲಿ ರಾಣಿಯೇ ಬಂದು ಈ ರಾಂಚಿನಲ್ಲಿ ಉಳಿದರು. ಇಂಥವರನ್ನು ಬಡ ದನಗಾಹಿ ಅನ್ನೋಕೆ ಬಾಯಿ ಬರಲ್ಲ, ಅಲ್ವಾ?

ವಾಲಪ್ ರಾಜ್ಯದ ಕೆಳಮನೆಯಲ್ಲಿ ನಾಲ್ಕು ವರ್ಷ, ಮೇಲ್ಮನೆಯಲ್ಲಿ ನಾಲ್ಕು ವರ್ಷ ಇದ್ದರು. 1974ರಲ್ಲಿ ಗವರ್ನರ್ ಆಗಲು ಹೊರಟರೆ ಸ್ವಂತ ಪಕ್ಷದ ಟಿಕೆಟ್ಟೇ ಸಿಗಲಿಲ್ಲ. 1976ರಲ್ಲಿ ಅಮೆರಿಕದ ಸೆನೆಟ್‌ಗೆ ನಿಂತರು. ಎದುರಿಗೆ ಮೂರು ಸಲ ಗೆದ್ದಿದ್ದ ಗೇಲ್ ಮೆಗೀ.

ಆಗ ಬಂದದ್ದು ಆ ಟಿವಿ ಜಾಹೀರಾತು. ಒಬ್ಬ ಕೌಬಾಯ್ ದನ ಒಟ್ಟು ಮಾಡಲು ಹೊರಡುತ್ತಾನೆ. ಜೊತೆಗೆ ಬರುವ ಪ್ರಾಣಿಯ ಬೆನ್ನಿಗೆ ಒಂದು ಟಾಯ್ಲೆಟ್ ಕಟ್ಟಿರುತ್ತದೆ. ಬಯಲಿನಲ್ಲಿ ದನ ಮೇಯಿಸುವವನಿಗೂ ವಾಷಿಂಗ್ಟನ್ನಿನ ಕಾರ್ಮಿಕ ಸುರಕ್ಷತಾ ಇಲಾಖೆ ಟಾಯ್ಲೆಟ್ ಕಡ್ಡಾಯ ಮಾಡಿದೆ ಎಂಬುದು ಅದರ ಗೇಲಿ. ಮಸಾಲೆ ಜಾಸ್ತಿಯೇ ಇತ್ತು. ಆದರೆ ಚೆಂಬು ಹಿಡಿದು ಹೊಲಕ್ಕೆ ಹೋಗಿ ಬೆಳೆದ ನನ್ನಂಥವನಿಗೆ ಆ ಜೋಕು ಯಾಕೆ ನಾಟಿತು ಅಂತ ಬಿಡಿಸಿ ಹೇಳಬೇಕಿಲ್ಲ. ವಾಲಪ್ ಗೆದ್ದರು.

ಪತ್ರ ಬರೆದದ್ದು ಮುಂದಿನ ಮಾತಿಗೆ. ಸರ್ಕಾರ ಮೂಗು ತೂರಿಸಬಾರದು ಎಂದು ಗೆದ್ದವರು ಮಾಡಿಸಿದ ದೊಡ್ಡ ಕೆಲಸ ಒಂದು ತೆರಿಗೆ ಕಾಯ್ದೆ! ಮೀನಿನ ಗಾಳ, ಕೋಲುಗಳ ಮೇಲೆ ಮೊದಲೇ ತೆರಿಗೆ ಇತ್ತು, 1950ರಿಂದ ಅದು ಮೀನಿನ ಕೆಲಸಕ್ಕೇ ಮೀಸಲಾಗಿತ್ತು. 1984ರಲ್ಲಿ ವಾಲಪ್ ಮತ್ತು ಲೂಸಿಯಾನಾ ರಾಜ್ಯದ ಸಂಸದ ಜಾನ್ ಬ್ರೋ ಸೇರಿ ಅದನ್ನು ಮೀನು ಹಿಡಿಯುವ ಹೆಚ್ಚುಕಡಿಮೆ ಎಲ್ಲ ಸಾಮಾನಿಗೂ ಹಬ್ಬಿಸಿದರು. ಮೋಟಾರ್ ದೋಣಿಗಳ ಪೆಟ್ರೋಲ್ ತೆರಿಗೆಯ ಪಾಲನ್ನೂ ಅದಕ್ಕೆ ಸೇರಿಸಿದರು. ದುಡ್ಡು ರಾಜ್ಯಗಳಿಗೆ ಹೋಗುತ್ತದೆ. ಹಂಚಿಕೆಯಲ್ಲಿ ನೂರಕ್ಕೆ 60 ಪಾಲು ಮೀನು ಹಿಡಿಯುವ ಲೈಸೆನ್ಸ್ ಎಷ್ಟು ಜನರ ಹತ್ತಿರ ಇದೆ ಎಂಬುದರ ಮೇಲೆ, 40 ಪಾಲು ನೆಲ-ನೀರಿನ ವಿಸ್ತಾರದ ಮೇಲೆ. ಮೀನಿನ ಸಂತತಿ ಬೆಳೆಸುವುದು, ದೋಣಿ ಇಳಿಸುವ ಕಟ್ಟೆ ಕಟ್ಟುವುದು ಇದರಿಂದಲೇ. ಕೆರೆ ಬಳಸುವವನೇ ಕೆರೆಗೆ ಕಾಸು ಕೊಡಲಿ ಎಂಬ ಲೆಕ್ಕ. ಇದು ನನಗೆ ಮಂದೆ ಕಾಯ್ದವನ ಬುದ್ಧಿಯಂತೆಯೇ ಕಾಣುತ್ತದೆ. ಅರ್ಲ್ ಮೊಮ್ಮಗನಾದರೇನು?

ವಾಲಪ್ 1995ರವರೆಗೆ ಸೆನೆಟ್‌ನಲ್ಲಿದ್ದರು, 2011ರಲ್ಲಿ ತೀರಿಕೊಂಡರು. ಟಾಯ್ಲೆಟ್ ಜಾಹೀರಾತಿನ ವರ್ಷ ಆರಾಮಾಗಿ ಗೆದ್ದವರು, ಈ ಕಾಯ್ದೆ ಬಂದ ನಾಲ್ಕು ವರ್ಷಕ್ಕೆ, 1988ರಲ್ಲಿ, ಗೆದ್ದದ್ದು ಸುಮಾರು 1,300 ಓಟುಗಳಿಂದ.

– ಓದುಗ, ತಿಪಟೂರು