ಹಡಗಿನ ಕಂಪನಿಗೆ ಸೇರಿದ ಪುಟ್ಟಿಗೆ, ಸಂಡೂರಿನಿಂದ

ಸಂಡೂರು,
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಿಮ್ಮಪ್ಪ ಫೋನ್ ಮಾಡಿ ಎಲ್ಲ ಹೇಳಿದ. ಮುಂಬೈ ಆಫೀಸು, ಜಗತ್ತೆಲ್ಲ ಓಡಾಡುವ ಹಡಗಿನ ಕಂಪನಿ, ಅದರಲ್ಲಿ ಸಮಾಜದ ಹೊಣೆ, ಪರಿಸರದ ಹೊಣೆ ನೋಡಿಕೊಳ್ಳುವ ವಿಭಾಗದಲ್ಲಿ ನಿನಗೆ ಕೆಲಸ. ಸಮುದ್ರ ನೋಡಬೇಕೆಂದರೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕಾದ ಊರಿನ ಹುಡುಗಿಗೆ ಹಡಗಿನ ನೌಕರಿ! ನಿಮ್ಮ ದೊಡ್ಡಮ್ಮ ಓಣಿಗೆಲ್ಲ ಪೇಡೆ ಹಂಚಿದಳು.

ನೀನು ಕಳಿಸಿದ ಫೋಟೋ ನೋಡಿದೆ. ಶಾಲೆ ಮಕ್ಕಳು ಹೊಸ ಬ್ಯಾಗು ಹಿಡಿದು ನಿಂತಿದ್ದಾರೆ, ನೀನು ನಡುವೆ ನಗುತ್ತಿದ್ದೀಯ. ಚೆಂದ ಇದೆ. ಆದರೆ ಬ್ಯಾಗು ನೋಡಿದ ಕೂಡಲೇ ನನಗೆ ಬೇರೆಯದೇ ನೆನಪಾಯಿತು. ಅದಕ್ಕೇ ಈ ಕಾಗದ.

ಅದಿರಿನ ಲಾರಿ ಓಡುವ ರಸ್ತೆಯ ಪಕ್ಕ ಒಂದು ಶಾಲೆ ಇತ್ತು. ಒಂದು ಕಂಪನಿಯವರು ಬಂದು ಮಕ್ಕಳಿಗೆಲ್ಲ ನೀಲಿ ಬ್ಯಾಗು ಕೊಟ್ಟರು. ಶಾಮಿಯಾನ, ಮೈಕು, ಮೈಸೂರು ಪಾಕು. ಎರಡು ತಿಂಗಳಿಗೆ ಬ್ಯಾಗು ಕೆಂಪಾದವು. ಮೇಷ್ಟ್ರು ದಿನಾ ಬೆಳಿಗ್ಗೆ ಕರಿಹಲಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಆ ಬಟ್ಟೆ ಹಿಂಡಿದರೆ ಕುಂಕುಮದ ನೀರಿನಂತೆ ಬರುತ್ತಿತ್ತು. ಬ್ಯಾಗು ಕೊಟ್ಟವರದೇ ಲಾರಿ, ಲಾರಿಯದೇ ಧೂಳು. ಲಾರಿಗೆ ಟಾರ್ಪಾಲು ಬಿಗಿದಿದ್ದರೆ ಸಾಕಿತ್ತು. ಅದಕ್ಕೆ ಯಾರೂ ಶಾಮಿಯಾನ ಹಾಕುವುದಿಲ್ಲ, ಅಲ್ವಾ?

ಆಗ ನಾನೆಲ್ಲಿದ್ದೆ ಅಂತ ಕೇಳು. ಅದೇ ರಸ್ತೆಯ ತೂಕದ ಮನೆಯಲ್ಲಿ ಗುಮಾಸ್ತನಾಗಿ ಕೂತಿದ್ದೆ. ಇದು ನಿಮ್ಮಪ್ಪನಿಗೂ ಗೊತ್ತಿಲ್ಲದ ಮಾತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ಆ ವರ್ಷಗಳಲ್ಲಿ ಚೀನಾಕ್ಕೆ ಎಷ್ಟು ಅದಿರು ಹೋದರೂ ಸಾಲುತ್ತಿರಲಿಲ್ಲ. ವೇಬ್ರಿಡ್ಜ್ ಒಂದು ಅಂಕಿ ತೋರಿಸುತ್ತಿತ್ತು, ಚೀಟಿಯಲ್ಲಿ ನಾನು ಇನ್ನೊಂದು ಬರೆಯುತ್ತಿದ್ದೆ. ಬರೆ ಅಂದರು, ಬರೆದೆ. ಬಳ್ಳಾರಿಯ ಅದಿರು ಬೇಲೆಕೇರಿ, ಕೃಷ್ಣಪಟ್ಟಣದಂಥ ಬಂದರುಗಳಿಗೆ ಹೋಗಿ ಹಡಗು ಹತ್ತುತ್ತಿತ್ತು. ನಿನ್ನ ಹಡಗಿಗೂ ನನ್ನ ಚೀಟಿಗೂ ಅಂಥ ದೂರವೇನಿಲ್ಲ ನೋಡು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳೆಲ್ಲ ನಿಂತಲ್ಲೇ ನಿಂತವು. ಮನೆಯಲ್ಲಿ ಕೂತು ನಾನು ಬರೆದ ಚೀಟಿಗಳನ್ನೇ ಲೆಕ್ಕ ಹಾಕುತ್ತಿದ್ದೆ. ಮುಗಿಯಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಕೊಟ್ಟ ಲೆಕ್ಕ ಬೇರೆ, ಕೆಲಸದ ಲೆಕ್ಕ ಬೇರೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಲು ಬಿಡಬೇಡ.

ಇದು ನನ್ನ ತಲೆಯಿಂದ ಬಂದದ್ದಲ್ಲ, ಕಾನೂನೂ ಹೀಗೇ ಹೇಳುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು ನೀನು ಓದಿಯೇ ಇರುತ್ತೀಯ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಮ್ಮ ವ್ಯವಹಾರದ ಭಾಗವಾಗಿ ಮಾಡಲೇಬೇಕಾದ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಹಡಗಿನ ಹೊಗೆ ಕಡಿಮೆ ಮಾಡುವುದು ದಾನವಲ್ಲ. ಬ್ಯಾಗು ಹಂಚಿದರೆ ಹೊಗೆಯ ಬಾಕಿ ತೀರುವುದೂ ಇಲ್ಲ. ಇನ್ನೊಂದು ಮಾತಿದೆ ಅದರಲ್ಲಿ. ಕಂಪನಿ ಕೆಲಸ ಮಾಡುವ ಜಾಗದ ಸುತ್ತಮುತ್ತಲಿಗೆ ಮೊದಲ ಆದ್ಯತೆ ಕೊಡಬೇಕು. ಗಣಿಗೆ ಸುತ್ತಮುತ್ತ ಅಂದರೆ ಹಳ್ಳಿ. ಹಡಗಿಗೆ? ಸಮುದ್ರದ ನಡುವೆ ಗ್ರಾಮಸಭೆ ಕರೆಯುವವರು ಯಾರು? ಧೂಳು ಬಿದ್ದರೆ ನಾವು ರಸ್ತೆಗೆ ಕಲ್ಲು ಅಡ್ಡ ಇಟ್ಟು ಕೂರುತ್ತಿದ್ದೆವು. ಮೀನು ಹಾಗೆ ಕೂರುವುದಿಲ್ಲ.

ನಿನಗೆ ಕೆಲಸ ಸಿಕ್ಕಿತು ಅಂದ ಮೇಲೆ ನಾನೂ ಸ್ವಲ್ಪ ಓದಿದೆ. ರಿಟೈರ್ ಆದವನಿಗೆ ಇನ್ನೇನು ಕೆಲಸ. ಪೆಟ್ರೋಲು ಡೀಸೆಲ್ಲು ತೆಗೆದ ಮೇಲೆ ತಳದಲ್ಲಿ ಉಳಿಯುವ ಡಾಂಬರಿನಂಥ ಎಣ್ಣೆಯನ್ನೇ ಹಡಗುಗಳು ಬಹಳ ಕಾಲ ಸುಟ್ಟವು. ಅದರಲ್ಲಿ ಗಂಧಕ ಜಾಸ್ತಿ. 2020ರ ಜನವರಿ 1ರಿಂದ ಗಂಧಕದ ಮಿತಿಯನ್ನು ಶೇ. 3.5ರಿಂದ ಶೇ. 0.5ಕ್ಕೆ ಇಳಿಸಿದರು. ಒಳ್ಳೆಯದಾಯಿತು. ಆದರೆ ಹಳೆಯ ಎಣ್ಣೆಯನ್ನೇ ಸುಡುತ್ತ, ಕೊಳವೆಗೆ ಸ್ಕ್ರಬ್ಬರ್ ಅನ್ನುವ ಯಂತ್ರ ಕೂರಿಸಿಕೊಳ್ಳಲೂ ಅವಕಾಶ ಇದೆ. ಅದರಲ್ಲಿ ಒಂದು ಬಗೆ, ಹೊಗೆಯನ್ನು ಸಮುದ್ರದ ನೀರಿನಲ್ಲಿ ತೊಳೆದು ಆ ಕೊಳೆನೀರನ್ನು ಮತ್ತೆ ಸಮುದ್ರಕ್ಕೇ ಬಿಡುತ್ತದೆ. ಸಿಂಗಾಪುರದವರು ತಮ್ಮ ಬಂದರಿನ ನೀರಿನಲ್ಲಿ ಅದನ್ನು ಬಿಡಕೂಡದು ಅಂತ ಅದೇ ದಿನದಿಂದ ತಡೆದರು.

ಓದಿ ನನಗೆ ನಗು ಬಂತು. ನಮ್ಮಲ್ಲೂ ಇದೇ ಆಟ. ಧೂಳು ಅಂತ ಗಲಾಟೆ ಮಾಡಿದಾಗ ಟ್ಯಾಂಕರ್ ತಂದು ರಸ್ತೆಗೆ ನೀರು ಹೊಡೆದರು. ಧೂಳು ಅಡಗಿತು. ಅಡಗಿದ್ದು ಎಲ್ಲಿಗೆ ಹೋಯಿತು? ಕೆಸರಾಯಿತು, ಮಳೆಗೆ ಹರಿದು ಕೆಳಗಿನ ಜೋಳದ ಹೊಲದಲ್ಲಿ ಕೂತಿತು. ಗಾಳಿಯ ಲೆಕ್ಕದಿಂದ ಕಳೆದು ಮಣ್ಣಿನ ಲೆಕ್ಕಕ್ಕೆ ಬರೆದರು, ಅಷ್ಟೇ. ನಿನ್ನ ಮುಂದೆ ಯಾರಾದರೂ ಇಷ್ಟು ಕಡಿಮೆಯಾಯಿತು ಅಂತ ಹಾಳೆ ಇಟ್ಟರೆ, ಎಲ್ಲಿಗೆ ಹೋಯಿತು ಅಂತ ಒಂದು ಸಲ ಕೇಳು.

ಇನ್ನೊಂದು ಜಾಣ ಲೆಕ್ಕ ಇದೆ. ಒಂದು ಟನ್ ಸರಕನ್ನು ಒಂದು ಮೈಲಿ ಸಾಗಿಸಲು ಎಷ್ಟು ಇಂಗಾಲ, ಅನ್ನುವ ಲೆಕ್ಕ. ಅದು ಇಳಿಯುತ್ತಲೇ ಬಂದಿದೆ. ಆದರೆ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ನಾಲ್ಕನೇ ಅಧ್ಯಯನದ ಪ್ರಕಾರ 2012ರಲ್ಲಿ 97.7 ಕೋಟಿ ಟನ್ ಇದ್ದ ಹಡಗುಗಳ ಒಟ್ಟು ಹಸಿರುಮನೆ ಅನಿಲ 2018ರಲ್ಲಿ 107.6 ಕೋಟಿ ಟನ್‌ಗೆ ಏರಿತು. ಒಂದೊಂದು ಲಾರಿಯಿಂದ ಚೆಲ್ಲುವ ಅದಿರು ಕಡಿಮೆಯಾಯಿತು, ಲಾರಿ ಮಾತ್ರ ಜಾಸ್ತಿಯಾದವು. ಎರಡೂ ನಿಜವೇ. ನಿಮ್ಮ ವರದಿಯಲ್ಲಿ ಮೊದಲನೆಯದು ದಪ್ಪ ಅಕ್ಷರದಲ್ಲಿದ್ದರೆ ಎರಡನೆಯದೂ ಅಷ್ಟೇ ದಪ್ಪ ಇರಲಿ. ಅಷ್ಟು ಹಟ ಮಾಡು, ಸಾಕು.

ಸುಮ್ನೆ ಬೈಯಲು ಕೂತಿಲ್ಲ ನಾನು. ಒಂದೇ ಭಾರವನ್ನು ಅಷ್ಟೇ ದೂರ ಒಯ್ಯಲು ಹಡಗಿಗೆ ಬೇಕಾಗುವ ಎಣ್ಣೆ ಲಾರಿಗಿಂತ ಬಹಳ ಕಡಿಮೆ. ವೇಗ ಸ್ವಲ್ಪ ಇಳಿಸಿದರೂ ಎಣ್ಣೆ ತುಂಬಾ ಉಳಿಯುತ್ತದಂತೆ. ಆ ಡಾಂಬರಿನಂಥ ಎಣ್ಣೆಯ ಬದಲು ಮೆಥನಾಲ್ ಅನ್ನುವ ಇಂಧನದಿಂದ ಓಡುವ ಸರಕು ಹಡಗುಗಳೂ ನೀರಿಗಿಳಿದಿವೆ. ಇಂಥ ಕಡೆ ದುಡ್ಡು ಹಾಕುವವರ ಪರವಾಗಿ ನಿಂತು ಮಾತಾಡು. ಆಫೀಸಿನಲ್ಲಿ ಅಂಥವರು ಇದ್ದೇ ಇರುತ್ತಾರೆ, ದನಿ ಸಣ್ಣದಿರುತ್ತದೆ.

ಜನರ ವಿಷಯ ಮರೆತೀಯ. ಕೊರೋನಾ ಕಾಲದಲ್ಲಿ, 2020ರಲ್ಲಿ, ಸುಮಾರು 4 ಲಕ್ಷ ನಾವಿಕರು ಕರಾರು ಮುಗಿದರೂ ಮನೆಗೆ ಹೋಗಲಾಗದೆ ಹಡಗಿನಲ್ಲೇ ಸಿಕ್ಕಿಕೊಂಡಿದ್ದರು. ನಮಗೆ ಔಷಧಿ, ಎಣ್ಣೆ, ಬೇಳೆ ಎಲ್ಲ ಬರುತ್ತಿತ್ತು, ತಂದವರನ್ನು ಮಾತ್ರ ಎಷ್ಟೋ ಬಂದರುಗಳು ಇಳಿಸಿಕೊಳ್ಳಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುವ ಬುದ್ಧಿ. ನಾವಿಕನಿಗೆ ದಿನಕ್ಕೆ ಕಡಿಮೆ ಅಂದರೂ 10 ತಾಸು ವಿಶ್ರಾಂತಿ ಕೊಡಬೇಕೆಂದು 2006ರ ಸಾಗರ ಕಾರ್ಮಿಕ ಒಪ್ಪಂದದಲ್ಲಿದೆ. ಅದರ ದಾಖಲೆ ಪುಸ್ತಕ ಹಡಗಿನಲ್ಲೇ ಇರುತ್ತದೆ. ನಿನ್ನ ಕೈಗೆ ಬಂದರೆ ಹಾಳೆ ತಿರುವಿ ನೋಡು. ಎಲ್ಲ ದಿನವೂ ಒಂದೇ ಪೆನ್ನು, ಒಂದೇ ಅಕ್ಷರ, ಎಲ್ಲ ಸರಿಯಾಗಿ ಹತ್ತು ತಾಸು ಅಂತಿದ್ದರೆ ಅನುಮಾನಪಡು. ಆ ಥರ ಬರೆದು ರೂಢಿ ಇರುವವನು ಹೇಳುತ್ತಿದ್ದೇನೆ.

ಕಳೆದ ವರ್ಷ, 2025ರ ಮೇ ತಿಂಗಳಲ್ಲಿ, ಎಂಎಸ್‌ಸಿ ಎಲ್ಸಾ 3 ಕೊಚ್ಚಿಯ ಆಚೆ ಮುಳುಗಿತಲ್ಲ, 640 ಕಂಟೇನರ್ ಇದ್ದ ಹಡಗು. ಪ್ಲಾಸ್ಟಿಕ್ ಕಾಳು ಕೇರಳದ ಮರಳಿನಲ್ಲಿ ಸಾಬೂದಾನಿ ಚೆಲ್ಲಿದಂತೆ ಬಿದ್ದಿದ್ದನ್ನು ಟಿವಿಯಲ್ಲಿ ನೋಡಿದೆ. ಜನ ಜರಡಿ ಹಿಡಿದು ಆರಿಸುತ್ತಿದ್ದರು. ಹಡಗಿಗೆ ಇದ್ದದ್ದು ಲೈಬೀರಿಯಾದ ಬಾವುಟ. ಬಾವುಟ ಯಾವ ದೇಶದ್ದೇ ಇರಲಿ, ಜರಡಿ ಹಿಡಿಯುವವರು ಆ ದಡದವರೇ.

ನಿನಗೆ ಅಧಿಕಾರ ಇಲ್ಲ, ಈಗಷ್ಟೇ ಸೇರಿದವಳು ಅಂತ ಗೊತ್ತು. ಜಗಳ ಆಡು ಅನ್ನುತ್ತಿಲ್ಲ. ನಿನ್ನ ಕೈಯಿಂದ ಹೋಗುವ ಅಂಕಿ ಮಾತ್ರ ತಕ್ಕಡಿ ತೋರಿಸಿದ್ದೇ ಇರಲಿ. ಬೇರೆಯದು ಬರೆ ಅಂದ ದಿನ ನನಗೆ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಸರಿ.

ಪಂಚಮಿಗೆ ರಜೆ ಹಾಕಿ ಬಾ. ದೊಡ್ಡಮ್ಮ ಶೇಂಗಾ ಉಂಡೆ ಕಟ್ಟುತ್ತಾಳೆ. ಬರುವಾಗ ನಿಮ್ಮ ಕಂಪನಿಯ ಹೋದ ವರ್ಷದ ವರದಿ ಪ್ರಿಂಟ್ ಹಾಕಿಸಿಕೊಂಡು ಬಾ. ಕನ್ನಡಕ ಹೊಸದು ಮಾಡಿಸಿದ್ದೇನೆ. ಬಣ್ಣದ ಫೋಟೋ ಪುಟಗಳು ಬೇಡ, ಹಿಂದಿನ ಸಣ್ಣಕ್ಷರದ ಪುಟಗಳಷ್ಟೇ ಸಾಕು.

ನಿನ್ನ,
ದೊಡ್ಡಪ್ಪ