ಭಾನುವಾರದ ಚರ್ಚೆ: ಆವರ್ತ ಕೋಷ್ಟಕ ಬೆಳೆದು ಬಂದ ಬಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಆನ್‌ಲೈನ್ ಚರ್ಚೆ ಇದೆ. ಲಿಂಕ್ ಶನಿವಾರ ಹಾಕುತ್ತೇನೆ.

ಡೋಬರೈನರ್‌ನ ತ್ರಿವಳಿ (ಗುಣ ಹೋಲುವ ಮೂರು ಮೂರು ಧಾತುಗಳ ಗುಂಪು), ನ್ಯೂಲ್ಯಾಂಡ್ಸ್‌ನ ಅಷ್ಟಕ (ಪ್ರತಿ ಎಂಟನೆಯ ಧಾತುವಿಗೆ ಗುಣ ಮರುಕಳಿಸುತ್ತದೆ ಎಂಬ ನಿಯಮ) ಬೇಗ ಮುಗಿಸಿಬಿಡೋಣ. ಹೆಚ್ಚು ಹೊತ್ತು ಮೆಂಡಲೀವ್‌ಗೇ ಇರಲಿ. 1869ರ ಕೋಷ್ಟಕದಲ್ಲಿ ಇನ್ನೂ ಸಿಗದ ಧಾತುಗಳಿಗೆಂದು ಆತ ಖಾಲಿ ಬಿಟ್ಟ ಮನೆಗಳೇ ನಿಜವಾದ ಧೈರ್ಯ ಅಂತ ನನ್ನ ಅಭಿಪ್ರಾಯ. ಅಂಥ ಒಂದು ಧಾತು ಗ್ಯಾಲಿಯಂ 1875ರಲ್ಲಿ ಸಿಕ್ಕಾಗ ಸಾಂದ್ರತೆ 4.7 ಎಂದು ಅಳೆದರು; ಮೆಂಡಲೀವ್ ಮೊದಲೇ ಊಹಿಸಿ ಹೇಳಿದ್ದು 5.9. ಶುದ್ಧಗೊಳಿಸಿ ಮತ್ತೆ ಅಳೆದರೆ, 5.9!

ಬರುವ ಮುನ್ನ ಟೆಲ್ಯೂರಿಯಂ, ಅಯೋಡಿನ್‌ಗಳ ಪರಮಾಣು ತೂಕ ಒಮ್ಮೆ ನೋಡಿಕೊಳ್ಳಿ. ಕೋಷ್ಟಕದಲ್ಲಿ ಧಾತುಗಳು ತೂಕ ಏರುವ ಕ್ರಮದಲ್ಲಿರಬೇಕಿತ್ತು, ಆದರೆ ಅಲ್ಲಿ ಅದು ಹಿಂದುಮುಂದಾಗಿದೆ. 1913ರಲ್ಲಿ ಮೋಸ್ಲಿ ಎಕ್ಸ್-ಕಿರಣಗಳಿಂದ ಈ ಗಂಟು ಬಿಡಿಸಿದ್ದನ್ನು ಹತ್ತು ನಿಮಿಷದಲ್ಲಿ ವಿವರಿಸಲು ಒಬ್ಬರು ಬೇಕು. ಒಪ್ಪುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಬರಲಾಗದವರೂ ದಯವಿಟ್ಟು ಒಂದು ಮಾತು ಹಾಕಿ.